ಮನೇಲಿ ಜನ ಇದ್ರು

ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಒಂದು ವಾರ ತಲೆಬುಡ ತಿಳಿದಿರಲಿಲ್ಲ. ಗಂಡ ಬಸ್ಸಿನ ಡ್ರೈವರ್. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಜಗಲಿಯಲ್ಲಿ ಪೇಪರ್ ಓದುತ್ತಿದ್ದವರಿಗೆ "ಅವ್ವ, ಬರ್ತೀನಿ" ಅನ್ನುತ್ತಿದ್ದ. ಅಡುಗೆಮನೆಯಲ್ಲಿದ್ದವರಿಗೆ "ಅಮ್ಮ, ಬರ್ತೀನಿ" ಅನ್ನುತ್ತಿದ್ದ. ಇಬ್ಬರೂ "ಹೂಂ" ಅನ್ನುತ್ತಿದ್ದರು. ಇವರಲ್ಲಿ ಹೆತ್ತವರು ಯಾರು ಎಂದು ಕೇಳುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು? ಇಬ್ಬರನ್ನೂ ಅತ್ತೆ ಎಂದೇ ಕರೆದಳು. ವಯಸ್ಸಿನ ಲೆಕ್ಕದಲ್ಲಿ ಒಬ್ಬರು ದೊಡ್ಡತ್ತೆಯಾದರು, ಇನ್ನೊಬ್ಬರು ಚಿಕ್ಕತ್ತೆಯಾದರು. ಮುಂದೆ ಅವಳ ಮಗಳು ಹುಟ್ಟಿ ಕಾಲೇಜು ಮೆಟ್ಟಿಲು ಹತ್ತಿದರೂ ಆ ಹೆಸರುಗಳು ಹಾಗೇ ಉಳಿದವು.

ಹೆತ್ತವರು ದೊಡ್ಡತ್ತೆ. ಸಾಕಿದವರು ಚಿಕ್ಕತ್ತೆ, ಅಂದರೆ ದೊಡ್ಡತ್ತೆಯ ಗಂಡನ ತಂಗಿ. ಸೊಸೆಯ ಗಂಡ ಇನ್ನೂ ತೊದಲುವ ಮಗುವಾಗಿದ್ದಾಗ ಯುದ್ಧ ಬಂತು. ಮಗುವಿನ ಅಪ್ಪ ಸಿಪಾಯಿ. ಮೊದಲ ಚಳಿಗಾಲವನ್ನೇ ದಾಟಲಿಲ್ಲ. ಗಾಯ ಅಂಥ ದೊಡ್ಡದೇನೂ ಅಲ್ಲವಂತೆ, ರಕ್ತ ನಿಲ್ಲಿಸಿ ಕಟ್ಟುವವರು ಹತ್ತಿರ ಇರಲಿಲ್ಲವಂತೆ. ದೊಡ್ಡತ್ತೆ ನರ್ಸ್ ಕೆಲಸ ಕಲಿತವರು. ಆ ಸುದ್ದಿ ಕೇಳಿದ ಮೇಲೆ ಮುಂಚೂಣಿಯ ಆಸ್ಪತ್ರೆಗೆ ಹೊರಟುಹೋದರು. ಯುದ್ಧ ಮುಗಿಯುವವರೆಗೂ ತಿರುಗಿ ಬರಲಿಲ್ಲ. ಇತ್ತ ಚಿಕ್ಕತ್ತೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬೇಕರಿಯಲ್ಲಿ ಹಿಟ್ಟು ನಾದಿದರು. ಮದುವೆ ಗೊತ್ತಾಗಿದ್ದ ಹುಡುಗ "ಕೂಸನ್ನ ಕಟ್ಟಿಕೊಂಡು ಬರೋದಾದ್ರೆ ಬೇಡ" ಅಂದನಂತೆ. "ಹಾಗಾದ್ರೆ ನೀನೂ ಬೇಡ" ಅಂದು ಇವರು ಬಾಗಿಲು ಹಾಕಿಕೊಂಡರಂತೆ.

ಇಷ್ಟೂ ಸೊಸೆಗೆ ಗಂಡನಿಂದ ತಿಳಿದದ್ದು. ಆ ಇಬ್ಬರು ಹೆಂಗಸರು ಮಾತ್ರ ಯುದ್ಧದ ಬಗ್ಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಂದೇ ಮನೆ, ಒಂದೇ ಒಲೆ. ದಿನಕ್ಕೊಂದು ಸಣ್ಣ ಜಗಳ, ಸಂಜೆಗೆ ರಾಜಿ. ಹಾಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಒಂದು ಭಾನುವಾರ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ಬಂದು ಬೆಂಕಿ ಇಟ್ಟು ಹೋದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ.

ಕಾರ್ಯದರ್ಶಿ ತಾತ ಯುದ್ಧದಲ್ಲಿ ಫಿರಂಗಿ ಹಾರಿಸುತ್ತಿದ್ದವರು. ಫಿರಂಗಿ ಅವರ ಕಿವಿಯನ್ನು ತನ್ನ ಜೊತೆಗೇ ತೆಗೆದುಕೊಂಡು ಹೋಗಿತ್ತು. ಅವರು ಪಿಸುಗುಟ್ಟಿದರೂ ಬೀದಿಯ ಆ ತುದಿಗೆ ಕೇಳುತ್ತಿತ್ತು.

"ಸಿಸ್ಟರ್, ಮುಂದಿನ ತಿಂಗಳು ಸಂಘದ ಸಭೆ. ಈ ಸಲ ನಿಮ್ಮನ್ನ ವೇದಿಕೆ ಮೇಲೆ ಕೂರಿಸಿ ಗೌರವಿಸ್ತೀವಿ."

"ನನಗ್ಯಾಕೆ ಅದೆಲ್ಲ?" ಅಂದರು ದೊಡ್ಡತ್ತೆ.

"ಹೌದೌದು, ನಿಮಗೇ."

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದ ಸೊಸೆ ನಗು ತಡೆದುಕೊಂಡಳು. ತಾತ ಟೀ ಹೀರಿ ಮುಂದುವರಿಸಿದರು. "ನಾವು ಸಿಪಾಯಿಗಳು, ಕರೆದ್ರು, ಹೋದ್ವಿ. ನೀವು ಹಾಲು ಬಿಡದ ಕೂಸನ್ನ ಬಿಟ್ಟು ಹೋದೋರು. ಅಂಥ ಗಟ್ಟಿ ಎದೆ ಯಾರಿಗಿತ್ತು? ಅಂದ ಹಾಗೆ, ಕೂಸನ್ನ ಯಾರ ಹತ್ರ ಬಿಟ್ಟಿದ್ರಿ?"

"ಮನೇಲಿ ಜನ ಇದ್ರು."

"ಏನಂದ್ರಿ?"

"ಮನೇಲಿ ಜನ ಇದ್ರು ಅಂದೆ," ಎಂದು ದೊಡ್ಡತ್ತೆ ಎರಡನೇ ಸಲ ಇನ್ನೂ ಗಟ್ಟಿಯಾಗಿ ಹೇಳಿದರು.

ಅಡುಗೆಮನೆಯಲ್ಲಿ ಒಂದು ಮುಚ್ಚಳ ನೆಲಕ್ಕೆ ಬಿದ್ದು ಗಿರ್ರನೆ ತಿರುಗಿತು. ಅದು ತಾನಾಗಿ ನಿಲ್ಲುವವರೆಗೂ ಯಾರೂ ಅದನ್ನು ಹಿಡಿಯಲಿಲ್ಲ. ಸೊಸೆಯ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು.

ಮಾರನೆಯ ದಿನ ಬೆಳಿಗ್ಗೆ ದೊಡ್ಡತ್ತೆ ಜಗಲಿಯಿಂದ "ಕಾಫಿ ಆಯ್ತಾ?" ಎಂದು ಕೂಗಿದರು. ಒಳಗಿಂದ ಚಿಕ್ಕತ್ತೆಯ ದನಿ ತಣ್ಣಗೆ ಬಂತು. "ಜನ ಇನ್ನೂ ಹಾಲು ಕಾಯಿಸ್ತಾ ಇದ್ದಾರೆ."

ಆವತ್ತಿನಿಂದ ಶುರುವಾಯಿತು. ಚಿಕ್ಕತ್ತೆ ತಮ್ಮ ಬಗ್ಗೆ ಹೇಳಬೇಕಾದಲ್ಲೆಲ್ಲ "ನಾನು" ಎಂಬ ಮಾತನ್ನೇ ಬಿಟ್ಟರು. "ಜನ ಬಟ್ಟೆ ಒಗೀತಿದ್ದಾರೆ, ಸೋಪು ಕೊಡಿ." "ಜನಕ್ಕೆ ಮಂಡಿ ನೋವು, ಮೇಲಿನ ಡಬ್ಬ ಯಾರಾದ್ರೂ ಇಳಿಸಿ." ಊಟಕ್ಕೆ ಬಡಿಸುವುದನ್ನೂ ನಿಲ್ಲಿಸಿದರು. ಅಡುಗೆ ಮಾಡಿ ಮೇಜಿನ ಮೇಲಿಟ್ಟು, "ಜನ ಮಾಡಿಟ್ಟಿದ್ದಾರೆ. ಹಾಕಿಕೊಳ್ಳೋದು ಮನೆಯವರಿಗೆ ಸೇರಿದ್ದು" ಎಂದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ದೊಡ್ಡತ್ತೆಗೆ ಅರ್ಥವಾಗದೆ ಇರಲಿಲ್ಲ. ಆದರೆ ಅವರದು ಇಂಜೆಕ್ಷನ್ ಚುಚ್ಚಿ ಮುಂದಿನ ಹಾಸಿಗೆಗೆ ಹೋಗುವ ಸ್ವಭಾವ. "ನೋವಾಯ್ತಾ?" ಎಂದು ತಿರುಗಿ ಕೇಳಿ ಅಭ್ಯಾಸವಿಲ್ಲ. ತಾವೇ ತಟ್ಟೆಗೆ ಹಾಕಿಕೊಂಡು, ತಾವೇ ತೊಳೆದಿಟ್ಟು ಎದ್ದು ಹೋಗುತ್ತಿದ್ದರು. ಗಂಡನ ಪಾಡು ಅತ್ತ ದರಿ, ಇತ್ತ ಪುಲಿ. ಒಬ್ಬರ ಪಕ್ಕ ಕೂತರೆ ಇನ್ನೊಬ್ಬರ ಮುಖ ಊದುತ್ತಿತ್ತು. ಕೊನೆಗೆ ಅವನು ನಿಂತುಕೊಂಡೇ ಊಟ ಮಾಡತೊಡಗಿದ.

"ರೀ, ಇಬ್ಬರೂ ನಿಮ್ಮ ತಾಯಂದಿರೇ. ನೀವೇ ಒಂದು ಮಾತು ಹೇಳ್ಬಾರದಾ?" ಅಂದಳು ಸೊಸೆ.

"ಯಾರಿಗೆ ಹೇಳಲಿ? ಒಬ್ಬಳು ಹೆತ್ತಳು, ಒಬ್ಬಳು ಹೊತ್ತಳು. ನಾನು ಬಾಯಿ ತೆಗೆದ್ರೆ ಇಬ್ಬರೂ ಸೇರಿ ನನ್ನನ್ನ ಬೈತಾರೆ."

"ಸೇರ್ತಾರಲ್ಲ, ಅದೇ ಬೇಕು. ಬೈಸ್ಕೊಳ್ಳಿ."

ಅವನು ನಕ್ಕು ಕೈ ತೊಳೆಯಲು ಹೋದ.

ಧೈರ್ಯ ಮಾಡಿದವಳು ಮಗಳು. ಹಿಟ್ಟು ನಾದುತ್ತಿದ್ದ ಚಿಕ್ಕತ್ತೆಯ ಪಕ್ಕ ಕಟ್ಟೆಯ ಮೇಲೆ ಹತ್ತಿ ಕೂತು ನೇರವಾಗಿ ಕೇಳಿಬಿಟ್ಟಳು. "ಚಿಕ್ಕಜ್ಜಿ, ನಿನಗೂ ವೇದಿಕೆ ಮೇಲೆ ಕೂರಬೇಕು ಅಂತ ಆಸೆನಾ?"

"ಥೂ, ಯಾರಿಗೆ ಬೇಕು ಆ ಕುರ್ಚಿ? ಅಲ್ಲಿ ಕೂತ್ರೆ ಕಾಲು ಜೋಮು ಹಿಡಿಯುತ್ತೆ."

"ಮತ್ತೆ ಯಾಕೆ ಇಷ್ಟು ಕೋಪ?"

ಚಿಕ್ಕತ್ತೆ ಹಿಟ್ಟಿಗೆ ಒಂದು ಗುದ್ದು ಕೊಟ್ಟರು. "ಇಷ್ಟು ವರ್ಷದಲ್ಲಿ ಒಂದು ಸಲ, ಒಂದೇ ಸಲ, ಈ ಮನೆ ಒಳಗೆ ನಿಂತು 'ನೀನಿದ್ದೆ' ಅಂದಿದ್ರೆ ಸಾಕಿತ್ತು. ಊರಿಗೆ ಹೇಳೋದು ಬೇಡ, ಪೇಪರಿಗೆ ಹಾಕೋದು ಬೇಡ. ಈ ಮುಖ ನೋಡಿ ಅಂದಿದ್ರೆ ಸಾಕಿತ್ತು."

ಬಾಗಿಲ ಬಳಿ ನಿಂತು ಕೇಳಿದ ಸೊಸೆ ಸದ್ದು ಮಾಡದೆ ಹಿಂದಕ್ಕೆ ಬಂದಳು.

ಸಭೆ ಹತ್ತಿರವಾಗುತ್ತಿದ್ದಂತೆ ದೊಡ್ಡತ್ತೆ ಪೆಟ್ಟಿಗೆಯಿಂದ ತಮ್ಮ ಹಳೆಯ ನರ್ಸ್ ಉಡುಪನ್ನು ತೆಗೆದು ಸೊಸೆಯ ಮುಂದೆ ಹಾಕಿದರು. "ಇದನ್ನೇ ಹಾಕ್ಕೊಂಡು ಬರಬೇಕಂತೆ. ಸ್ವಲ್ಪ ಬಿಗಿ ಆಗಿದೆ."

ಸ್ವಲ್ಪ ಅಲ್ಲ. ಎರಡು ಗುಂಡಿಗಳ ನಡುವೆ ಒಂದು ಅಂಗೈ ಇಡುವಷ್ಟು ಜಾಗ ಕಾಣುತ್ತಿತ್ತು.

"ಆಗ ಬಳ್ಳಿ ಹಾಗಿದ್ದೆ," ಅಂದರು ದೊಡ್ಡತ್ತೆ.

"ಈಗ ಮರ ಆಗಿದ್ದೀರಿ ಅತ್ತೆ. ಕೈ ಎತ್ತಿ, ಅಳತೆ ತಗೋತೀನಿ." ಸೊಸೆ ಟೇಪು ಸುತ್ತುತ್ತ ಮೆಲ್ಲನೆ ಮಾತು ತೆಗೆದಳು. "ಅಲ್ಲಿ ಏನು ಮಾತಾಡ್ತೀರಿ?"

"ಎಲ್ಲರಿಗೂ ಧನ್ಯವಾದ ಅಂತೀನಿ, ಕೂತ್ಕೋತೀನಿ."

"ಮನೇಲಿರೋರಿಗೆ?"

ದೊಡ್ಡತ್ತೆ ಕಿಟಕಿಯಾಚೆ ನೋಡಿದರು. "ಸಾಯೋರ ಹತ್ರ ಕೂತು ಮಾತಾಡಿದ್ದೀನಿ ಕಣೆ. ಅವರ ತಾಯಂದಿರಿಗೆ ಸುದ್ದಿ ಹೇಳಿದ್ದೀನಿ. ಇವಳಿಗೆ ಹೇಳಬೇಕಾದ್ದು ಮಾತ್ರ ಗಂಟಲಲ್ಲೇ ನಿಂತುಬಿಡುತ್ತೆ. ಮೊದಲ ವರ್ಷವೇ ಹೇಳಬೇಕಿತ್ತು. ಬಿಟ್ಟಷ್ಟೂ ಭಾರ ಆಯ್ತು."

"ಈಗ ಹೇಳಿದ್ರೆ ಆಗಲ್ವಾ?"

"ಉಸಿರು ಬಿಗಿ ಹಿಡಿದು ನಿಂತಿದ್ದೀನಿ. ಬೇಗ ಅಳತೆ ತಗೋ," ಅಂದರು. ಮಾತು ಅಲ್ಲಿಗೇ ಮುಗಿಯಿತು.

ಉಡುಪಿನ ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಪಟ್ಟಿ ಕೊಡಬೇಕಿತ್ತು. ಅಂಗಡಿಯ ಹೊಸ ಬಿಳಿ ಬಟ್ಟೆ ತಂದು ಇಟ್ಟು ನೋಡಿದರೆ, ಹಳೆಯದರ ಪಕ್ಕ ಅದು ಕಣ್ಣಿಗೆ ಹೊಡೆಯುತ್ತಿತ್ತು. ಹಳೆಯ ಬಿಳುಪಿಗೆ ಹಳೆಯ ಬಿಳುಪೇ ಬೇಕು. ದಿಂಬಿನ ಚೀಲ, ಹಾಸಿಗೆಯ ಹೊದಿಕೆ, ಒಂದೂ ಕೂಡಿಬರಲಿಲ್ಲ. ಸೊಸೆ ತಲೆ ಕೆರೆದುಕೊಂಡು ಕೂತಿದ್ದಾಗ ಚಿಕ್ಕತ್ತೆ ಬಂದು, ಮಡಿಸಿದ ಒಂದು ಬಟ್ಟೆಯನ್ನು ಯಂತ್ರದ ಮೇಲೆ ಎಸೆದಂತೆ ಇಟ್ಟರು. ಅವರು ಬೇಕರಿಯಲ್ಲಿ ಕಟ್ಟಿಕೊಳ್ಳುತ್ತಿದ್ದ ಏಪ್ರನ್ನು. ಅದೂ ಅದೇ ಕಾಲದ್ದು, ಅದೇ ನೂಲಿನದ್ದು, ಅಷ್ಟೇ ಮಾಸಿದ್ದು.

"ಜನದ ಹತ್ರ ಇದೊಂದಿತ್ತು. ಕತ್ತರಿಸ್ಕೋ."

"ಅತ್ತೆ, ಇದನ್ನ ಕತ್ತರಿಸೋದಾ? ಇಷ್ಟು ದಿನ ಜೋಪಾನ ಮಾಡಿಟ್ಟಿದ್ದೀರಿ."

"ಮತ್ತೆ ಅತ್ತಿಗೆ ಅಷ್ಟು ಜನರ ಮುಂದೆ ಗುಂಡಿ ಕಿತ್ತುಕೊಂಡು ನಿಲ್ಲಬೇಕಾ? ಮರ್ಯಾದೆ ಈ ಮನೇದು. ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡ." ಕೋಪದ ಭರದಲ್ಲಿ ತಾವು "ನಾನು" ಅಂದದ್ದು ಅವರ ಗಮನಕ್ಕೇ ಬರಲಿಲ್ಲ.

ಉಡುಪು ತೊಟ್ಟು ನೋಡುವಾಗ ದೊಡ್ಡತ್ತೆ ಪಕ್ಕದ ಪಟ್ಟಿಯ ಮೇಲೆ ಬೆರಳಾಡಿಸಿದರು. "ಈ ಬಟ್ಟೆ ಎಲ್ಲಿ ಸಿಕ್ತು?"

"ಅಂಗಡೀಲಿ."

"ಯಾವ ಅಂಗಡೀಲಿ?"

ಸೊಸೆ ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡಳು. ಉತ್ತರ ಕೊಡದಿರಲು ಅದೇ ನೆಪವಾಯಿತು. ದೊಡ್ಡತ್ತೆಯೂ ಮತ್ತೆ ಕೇಳಲಿಲ್ಲ.

ಸಭೆಯ ದಿನ ಬಂತು. ವಯಸ್ಸಾದ ಸೈನಿಕರನ್ನು ಮನೆಮನೆಯಿಂದ ಕರೆತರಲು ಸಂಘದವರು ಬಸ್ಸು ಗೊತ್ತುಮಾಡಿದ್ದರು, ಅದನ್ನು ಓಡಿಸುವವನು ಗಂಡನೇ. ಹೊರಡುವ ಹೊತ್ತಿಗೆ ಅವನು ಅಡುಗೆಮನೆಗೆ ಹೋಗಿ ನಿಂತ.

"ಅಮ್ಮ, ನೀನೂ ಬಾ. ಮುಂದಿನ ಸೀಟು ಇಟ್ಟಿದ್ದೀನಿ."

"ಮಂಡಿ ನೋವು ಕಣೋ. ಮನೆ ಕಾಯೋಕೆ ಜನ ಬೇಡ್ವಾ? ಹೋಗಿ ಬನ್ನಿ."

ಜಗಲಿಯಲ್ಲಿ ಉಡುಪು ತೊಟ್ಟು ನಿಂತಿದ್ದ ದೊಡ್ಡತ್ತೆಗೆ ಅದು ಕೇಳಿಸಿತು. ಒಂದು ಹೆಜ್ಜೆ ಒಳಗಿಟ್ಟರು. ಬಸ್ಸಿನೊಳಗಿನಿಂದ ಕಾರ್ಯದರ್ಶಿ ತಾತ "ಹೊತ್ತಾಯ್ತು ಸಿಸ್ಟರ್" ಎಂದು ಗುಡುಗಿದರು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು ಬಸ್ಸು ಹತ್ತಿದರು.

ಸಭೆ ನಡೆದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಹಾಡಾಯಿತು, ಹೂಗುಚ್ಛವಾಯಿತು. ಸತ್ತವರ ನೆನಪಿಗೆ ಎಲ್ಲರೂ ಎದ್ದು ನಿಂತರು. ಗಂಡ ಅಪ್ಪನ ಮುಖವನ್ನು ಫೋಟೋದಲ್ಲಿ ಬಿಟ್ಟು ಕಂಡವನಲ್ಲ, ಆದರೂ ಕಣ್ಣೊರೆಸಿಕೊಂಡ. ಆಮೇಲೆ ತಾತ ಸಿಸ್ಟರ್ ಬಗ್ಗೆ ಹೇಳಿದರು, ಮೈಕಿನ ಹಂಗಿಲ್ಲದೆ. "ಎಳೇ ಕೂಸನ್ನ ಬಿಟ್ಟು, ಗಂಡನ್ನ ಕಳ್ಕೊಂಡ ದುಃಖ ನುಂಗಿ, ನಮ್ಮ ಗಾಯ ಕಟ್ಟೋಕೆ ಬಂದ ತಾಯಿ. ಆ ಧೈರ್ಯಕ್ಕೆ ನಮ್ಮ ನಮಸ್ಕಾರ." ಚಪ್ಪಾಳೆ ಬಿತ್ತು. ಊರುಗೋಲು ಹಿಡಿದವರು ಅದನ್ನೇ ನೆಲಕ್ಕೆ ಕುಟ್ಟಿದರು.

ದೊಡ್ಡತ್ತೆ ಎದ್ದು ಮೈಕಿನ ಮುಂದೆ ನಿಂತರು. "ಎಲ್ಲರಿಗೂ ಧನ್ಯವಾದ," ಅಂದರು. ಕೂರಬೇಕಿತ್ತು. ಕೂರಲಿಲ್ಲ. ಅವರ ಕೈ ಉಡುಪಿನ ಪಕ್ಕದ ಪಟ್ಟಿಯ ಮೇಲಿತ್ತು.

"ಧೈರ್ಯ ಅಂದ್ರಿ. ಅದು ನಂದಲ್ಲ. ಯಾರದು ಅಂತ ಹೇಳಬೇಕು. ಆದರೆ..." ಎಂದು ಮೂರನೆಯ ಸಾಲಿನಲ್ಲಿ ಸೊಸೆಯ ಪಕ್ಕ ಖಾಲಿಯಿದ್ದ ಕುರ್ಚಿ ನೋಡಿದರು. "ಕೇಳಬೇಕಾದವಳು ಬಂದಿಲ್ಲ. ಅವಳಿಲ್ಲದ ಕಡೆ ಹೇಳಿದ್ರೆ ಅದು ಇನ್ನೊಂದು ತಪ್ಪಾಗುತ್ತೆ."

ಸೊಸೆ ಜನರೆದುರು ಬಾಯಿಬಿಟ್ಟವಳಲ್ಲ. ಈಗ ತಾನಾಗಿ ಎದ್ದು ನಿಂತಿದ್ದಳು. "ಅತ್ತೆ, ಮನೆ ಏನು ದೂರ ಇದೆ? ಬಸ್ಸು ಬಾಗಿಲಲ್ಲೇ ಇದೆ."

ದೊಡ್ಡತ್ತೆ ಒಂದು ಗಳಿಗೆ ಸೊಸೆಯನ್ನೇ ನೋಡಿದರು. ಆಮೇಲೆ ಮೈಕು ಬಿಟ್ಟು ಮೆಟ್ಟಿಲಿಳಿದರು.

"ಏನಂತೆ?" ತಾತ ಪಕ್ಕದವರನ್ನು ಕೇಳಿದರು.

"ಬಸ್ಸು ಹತ್ತಬೇಕಂತೆ," ಎಂದು ಅವರು ಕಿವಿಯಲ್ಲಿ ಕೂಗಿದರು.

"ಊಟ ಆದ ಮೇಲಾ?"

"ಈಗಲೇ."

ತಾತ ಸೈನಿಕರಲ್ಲವೇ, ಕಾರಣ ಕೇಳಲಿಲ್ಲ. "ಸರಿ, ನಡೀರಿ," ಎಂದರು. ಸಭೆಗೆ ಸಭೆಯೇ ಎದ್ದಿತು. ಒಂಟಿಕಾಲಿನವರನ್ನು ಎತ್ತಿ ಹತ್ತಿಸಿದರು. ಸೀಟು ಸಾಲದೆ ಮಗಳು ಇಬ್ಬರು ತಾತಂದಿರ ನಡುವೆ ಸಿಕ್ಕಿಕೊಂಡಳು. ಯಾರೋ ಹಿಂದಿನ ಸೀಟಿನಲ್ಲಿ ಪಾಳೆಯದ ಪೋಲಿ ಹಾಡೊಂದನ್ನು ಶುರುಮಾಡಿ, ಹೆಂಗಸರಿದ್ದಾರೆಂದು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದರು. "ಮುಂದೆ ಏನು ತಾತ?" ಎಂದು ಮಗಳು ಪೀಡಿಸಿದಳು.

ಚಿಕ್ಕತ್ತೆ ಆಗತಾನೆ ಒಲೆಯಿಂದ ಬನ್ನಿನ ತಟ್ಟೆ ತೆಗೆದಿದ್ದರು. ಮನೆಯವರು ಹಸಿದು ಬರುತ್ತಾರೆಂದು ಮಾಡಿದ್ದು. ಬಸ್ಸಿನ ಸದ್ದಿಗೆ ಬಾಗಿಲು ತೆರೆದರೆ ಎದುರಿಗೆ ದೊಡ್ಡತ್ತೆ, ಹಿಂದೆ ಬೀದಿ ತುಂಬ ಕೋಲು, ಪದಕ, ಬೋಳುತಲೆ.

"ಏನಾಯ್ತು? ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ಲರೂ ಚೆನ್ನಾಗಿದ್ದೀವಿ. ನೀನು ಇಲ್ಲಿ ನಿಲ್ಲು," ಅಂದರು ದೊಡ್ಡತ್ತೆ. ಅವರು ಹೊಸ್ತಿಲ ಹೊರಗೆ, ನಾದಿನಿ ಒಳಗೆ. ಅವರು ಸೈನಿಕರ ಕಡೆ ತಿರುಗಲಿಲ್ಲ, ಎದುರಿನ ಮುಖವನ್ನೇ ನೋಡುತ್ತ ಹೇಳಿದರು. "ನಾನು ಹೊರಟ ದಿನ, ಇದೇ ಜಾಗ. ಪೆಟ್ಟಿಗೆ ಕೆಳಗಿಟ್ಟು ಇಲ್ಲೇ ಕುಸಿದು ಕೂತೆ. ಹೋಗೋಲ್ಲ ಅಂದೆ. ಮಗು ಅಳ್ತಿತ್ತು. ಇವಳು ಬಂದು ನನ್ನ ಮಡಿಲಿಂದ ಮಗೂನ ತಗೊಂಡು ಒಳಗೆ ಹೋಗಿ ಚಿಲಕ ಹಾಕ್ಕೊಂಡಳು. ಬಾಗಿಲು ಬಡಿದೆ. ಬೈದೆ. 'ರೈಲು ಹೋಗುತ್ತೆ ಅತ್ತಿಗೆ, ಹೋಗಿ. ಅಣ್ಣನ ಹಾಗೆ ಇನ್ನೊಬ್ಬರು ಸಾಯೋದು ಬೇಡ' ಅಂದಳು ಒಳಗಿಂದ. ಆಗ ಇವಳಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಅಲ್ಲಿ ಗುಂಡಿನ ಸದ್ದಲ್ಲೂ ನನಗೆ ನಿದ್ದೆ ಬರ್ತಿತ್ತು. ಮಗು ಇವಳ ಹತ್ರ ಇದೆ ಅಂತ."

ಗಂಡ ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಇದ್ದ. ಆ ಬಾಗಿಲ ಕಥೆ ಅವನೂ ಕೇಳಿದ್ದು ಇದೇ ಮೊದಲು.

"ಅವತ್ತು ಜನ ಅಂದೆ. ಜನ ಅಲ್ಲ." ದೊಡ್ಡತ್ತೆ ಒಂದು ಹೆಜ್ಜೆ ಮುಂದೆ ಬಂದರು. "ನೀನಿದ್ದೆ. ನೀನಿದ್ದೆ ಅಂತಲೇ ಎಲ್ಲ ಆಯ್ತು."

ಚಿಕ್ಕತ್ತೆ ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡರು. ಕೆನ್ನೆ ತುಂಬ ಹಿಟ್ಟಾಯಿತು. "ಬಾಗಿಲು ತೆಗೆದಿದ್ರೆ ನೀವು ಹೋಗ್ತಿರಲಿಲ್ಲ ಅತ್ತಿಗೆ," ಅಂದರು. "ಅದಕ್ಕೇ ತೆಗೀಲಿಲ್ಲ. ನಾನೂ ಒಳಗೆ ಬಾಗಿಲಿಗೆ ಒರಗಿ ಕೂತಿದ್ದೆ. ನೀವು ಎದ್ದು ಹೋಗೋ ಸದ್ದು ಕೇಳೋವರೆಗೂ ಉಸಿರಾಡಲಿಲ್ಲ."

ದೊಡ್ಡತ್ತೆ ಹೊಸ್ತಿಲು ದಾಟಿದರು. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು. ಬಿಳಿ ಉಡುಪಿನ ಬೆನ್ನ ಮೇಲೆ ಹಿಟ್ಟಿನ ಎರಡು ಅಂಗೈ ಮೂಡಿದವು. ಒಗೆಯುವುದು ಕಷ್ಟ ಎಂದು ಸೊಸೆಗೆ ಅನಿಸಿತು. ಒಗೆಯದಿದ್ದರೂ ನಡೆಯುತ್ತದೆ ಅಂತಲೂ ಅನಿಸಿತು.

"ಅಮ್ಮ, ಆಮೇಲೆ ನಾನು ತುಂಬಾ ಹೊತ್ತು ಅಳ್ತಿದ್ನಾ?" ಗಂಡ ಮೆಟ್ಟಿಲಿಳಿದು ಬಂದು ಕೇಳಿದ.

"ಏನಿಲ್ಲ. ಬಾಯಿಗೆ ಬನ್ನು ಇಟ್ಟೆ. ಸುಮ್ಮನಾದೆ."

ಬೀದಿಯೆಲ್ಲ ನಕ್ಕಿತು. ಆ ನಗುವಿನಲ್ಲೇ ಚಿಕ್ಕತ್ತೆಗೆ ಮನೆಯ ಹೊಣೆ ನೆನಪಾಯಿತು. "ಇಷ್ಟು ಜನಕ್ಕೆ ಲೋಟ ಎಲ್ಲಿಂದ ತರಲಿ? ಬಿಸಿಲಲ್ಲಿ ನಿಲ್ಲಿಸಿದ್ದೀರಲ್ಲ, ಒಳಗೆ ಕರೀಬಾರದಾ?"

ಜಗಲಿ, ಹೊಲಿಗೆಯ ಕೋಣೆ, ಹಿತ್ತಲು, ಎಲ್ಲ ಕಡೆ ಸೈನಿಕರು ಕೂತರು. ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ಇಬ್ಬರು ಕೂತುಬಿಟ್ಟರು. ಬನ್ನು ಸಾಲದೆ ಅರ್ಧರ್ಧ ಮಾಡಿ ಹಂಚಿದರು. ಅಕ್ಕಪಕ್ಕದ ಮನೆಗಳಿಂದ ಲೋಟ ಬಂದವು. ಒಂಟಿಕಾಲಿನ ತಾತ ಬನ್ನು ಕಚ್ಚಿ ತಲೆದೂಗಿದರು. "ಇದು ಹೂವು ಇದ್ದ ಹಾಗಿದೆ. ಆಗ ನಮಗೆ ಬರ್ತಿತ್ತಲ್ಲ ಬ್ರೆಡ್ಡು, ಅದರಲ್ಲಿ ಹೊಡೆದಿದ್ರೆ ಶತ್ರು ಸಾಯ್ತಿದ್ದ."

"ಅದು ನಮ್ಮ ಬೇಕರೀದೇ," ಅಂದರು ಚಿಕ್ಕತ್ತೆ. "ನಾವು ಹೂವಿನ ಹಾಗೇ ಕಳಿಸ್ತಿದ್ವಿ. ನಿಮ್ಮ ರೈಲು ಆಮೆ ಹಾಗೆ ಹೋದ್ರೆ ನಾನೇನು ಮಾಡ್ಲಿ?"

"ಏನಂತೆ?" ಅಂದರು ಕಾರ್ಯದರ್ಶಿ ತಾತ. ನಾಲ್ಕು ಜನ ಒಟ್ಟಿಗೆ ಕೂಗಿ ಹೇಳಿದರು. ತಾತ ಎದ್ದು, ಕೈಯಲ್ಲಿದ್ದ ಹೂಗುಚ್ಛದಲ್ಲಿ ಅರ್ಧ ಹೂ ತೆಗೆದು ಚಿಕ್ಕತ್ತೆಗೆ ಕೊಟ್ಟರು. ಅವರಿಗೆ ಎಲ್ಲಿಡುವುದೋ ತಿಳಿಯದೆ ಹಾಲಿನ ಪಾತ್ರೆಯಲ್ಲಿ ನಿಲ್ಲಿಸಿದರು.

ಟೀ ಮಾಡಲು ಹೊರಟ ಸೊಸೆಯನ್ನು ದೊಡ್ಡತ್ತೆ ತಡೆದರು. "ನೀನು ಕೂತ್ಕೋ. ಅವಳನ್ನೂ ಕೂರಿಸು. ಇವತ್ತು ನಾನು ಮಾಡ್ತೀನಿ." ಒಲೆಯ ಮುಂದೆ ನಿಂತು, ಡಬ್ಬಗಳನ್ನು ಒಂದೊಂದಾಗಿ ಮೂಸಿ ನೋಡಿ, ಟೀಪುಡಿ ಯಾವುದೆಂದು ಪತ್ತೆಹಚ್ಚಿದರು. ಕುದಿಯಿತು, ಮತ್ತೆ ಕುದಿಯಿತು. ಮೊದಲ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದು ನಾದಿನಿಗೆ ಕೊಟ್ಟರು. ಮನೆಯೆಲ್ಲ ನೋಡುತ್ತಿತ್ತು.

ಚಿಕ್ಕತ್ತೆ ಒಂದು ಗುಟುಕು ಹೀರಿದರು. ಹುಬ್ಬು ಮೇಲೇರಿತು.

"ಹೇಗಿದೆ?" ಅಂದರು ದೊಡ್ಡತ್ತೆ.

"ಕಷಾಯದ ಹಾಗಿದೆ ಅತ್ತಿಗೆ," ಎಂದು ಅವರು ತಳ ಕಾಣುವವರೆಗೂ ಕುಡಿದು, ಲೋಟ ಮುಂದಕ್ಕೆ ಚಾಚಿದರು. "ಇನ್ನರ್ಧ ಹಾಕಿ."